0.47 ಪರ್ಸೆಂಟ್ ಕೇಸು: ಪೆರುವಿನ ರೈತ ಜರ್ಮನಿಯ ಕರೆಂಟ್ ಕಂಪನಿನ ಕೋರ್ಟಿಗೆ ಎಳೆದ ಕಥೆ

ಭೂಮಿ ಬಿಸಿ ಆಗ್ತಿರೋದಕ್ಕೆ ಯಾರು ಕಾರಣ ಅನ್ನೋ ಮಾತು ಬಂದ್ರೆ ನಮ್ಮಲ್ಲಿ ಎರಡು ಪಾರ್ಟಿ ಆಗ್ಬಿಡುತ್ತೆ. ಅಮೆರಿಕ, ಯುರೋಪಿನವ್ರು ಇನ್ನೂರು ವರ್ಷ ಹೊಗೆ ಬಿಟ್ಟು ಶ್ರೀಮಂತರಾಗಿ ಈಗ ನಮಗೆ ಬುದ್ಧಿ ಹೇಳೋಕೆ ಬಂದಿದಾರೆ ಅಂತ ಒಂದು ಪಾರ್ಟಿ, ಅದೆಲ್ಲ ಹಳೇ ಕಥೆ ಈಗ ಚೀನಾ ಮತ್ತೆ ನಾವೇ ತಾನೆ ಜಾಸ್ತಿ ಬಿಡ್ತಿರೋದು ಅಂತ ಇನ್ನೊಂದು ಪಾರ್ಟಿ. ಇಬ್ರ ಹತ್ರನೂ ಅಂಕಿ ಅಂಶ ಇದೆ, ಇಬ್ರೂ ಹೇಳೋದು ಸುಳ್ಳಲ್ಲ, ಆದ್ರೆ ಇಂಥವನು ಇಷ್ಟು ಹೊಗೆ ಬಿಟ್ಟಿದಾನೆ ಅದಕ್ಕೆ ಇಷ್ಟು ದುಡ್ಡು ಕಟ್ಟಬೇಕು ಅಂತ ಯಾರ ಹೆಸರಿಗೂ ಬಿಲ್ ಹರಿಯಲ್ಲ. ಪೆರು ದೇಶದ ಒಬ್ಬ ರೈತ ಅದನ್ನೇ ಮಾಡಿಸೋಕೆ ಹೊರಟ, ಹತ್ತು ವರ್ಷ ಕೇಸು ನಡೆಸಿದ, 2025ರಲ್ಲಿ ಸೋತ. ಸೋತ ಅಂತ ಪೇಪರಲ್ಲಿ ಹೆಡ್‌ಲೈನ್ ಬಂತು, ಆದ್ರೆ ತೀರ್ಪಿನ ಒಳಗೆ ಏನಿದೆ ಅಂತ ನೋಡಿದ್ರೆ ಗೆದ್ದ ಕಂಪನಿಗೇ ನಿದ್ದೆ ಬರಬಾರ್ದು, ಹಾಗಿದೆ. ಅದಕ್ಕೇ ಇದನ್ನ ಮೊದಲಿಂದ ಕೂತು ಬರೀಬೇಕು ಅನ್ಸಿತು.

ರೈತನ ಹೆಸರು ಸೌಲ್ ಲೂಸಿಯಾನೊ ಲ್ಯೂಯಾ. ಪೆರುವಿನ ಆಂಡೀಸ್ ಪರ್ವತದ ಮಧ್ಯೆ ವಾರಾಸ್ ಅಂತ ಒಂದು ಊರಿದೆ, ಲಕ್ಷಕ್ಕಿಂತ ಜಾಸ್ತಿ ಜನಸಂಖ್ಯೆ, ಅಲ್ಲಿಯವನು. ಮುಸುಕಿನ ಜೋಳ, ಆಲೂಗಡ್ಡೆ ಬೆಳೀತಾನೆ, ಜೊತೆಗೆ ಹಿಮಪರ್ವತ ಹತ್ತೋಕೆ ಬರೋ ಟೂರಿಸ್ಟುಗಳಿಗೆ ಗೈಡ್. ಅಂದ್ರೆ ಮಂಜುಗಡ್ಡೆ ವರ್ಷದಿಂದ ವರ್ಷಕ್ಕೆ ಮೇಲಕ್ಕೆ ಸರೀತಿರೋದನ್ನ ಯಾವುದೋ ರಿಪೋರ್ಟಲ್ಲಿ ಓದಿ ತಿಳ್ಕೊಂಡೋನಲ್ಲ, ಅದ್ರ ಮೇಲೇ ನಡೆದು ಹೊಟ್ಟೆ ಹೊರಕೊಳ್ಳೋನು. ಎದುರಾಳಿ ಆರ್‌ಡಬ್ಲ್ಯೂಇ, 1898ರಲ್ಲಿ ಜರ್ಮನಿಯ ಎಸೆನ್ ಊರಲ್ಲಿ ಶುರುವಾದ ಕರೆಂಟ್ ಕಂಪನಿ, ಯುರೋಪಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡೋ ದೊಡ್ಡ ಕಂಪನಿಗಳಲ್ಲಿ ಒಂದು. ಈ ಕಂಪನಿ ಪೆರುವಲ್ಲಿ ಒಂದೇ ಒಂದು ಪವರ್ ಪ್ಲಾಂಟೂ ಇಟ್ಟಿರ್ಲಿಲ್ಲ ಅನ್ನೋದು ಈ ಕೇಸಿನ ಸ್ವಾರಸ್ಯ. ಎರಡೂ ಊರಿನ ಮಧ್ಯೆ ಹತ್ತು ಸಾವಿರ ಕಿಲೋಮೀಟರ್ ಮೇಲಿದೆ.

ವಾರಾಸ್ ಊರಿನ ಮೇಲ್ಗಡೆ, ಸಮುದ್ರ ಮಟ್ಟದಿಂದ 4,566 ಮೀಟರ್ ಎತ್ತರದಲ್ಲಿ ಪಾಲ್ಕಕೋಚ ಅನ್ನೋ ಕೆರೆ ಇದೆ. ಕೆರೆ ಅಂದ್ರೆ ನಮ್ಮ ಹಾಗೆ ಏರಿ ಕಟ್ಟಿದ್ದಲ್ಲ, ಹಿಮನದಿ ಹಿಂದಕ್ಕೆ ಸರೀವಾಗ ಬಿಟ್ಟುಹೋದ ಕಲ್ಲು ಮಣ್ಣಿನ ದಿಬ್ಬವೇ ಕಟ್ಟೆ, ಅದ್ರ ಹಿಂದೆ ಕರಗಿದ ನೀರು ನಿಂತಿರುತ್ತೆ. 1941 ಡಿಸೆಂಬರ್ 13ಕ್ಕೆ ಈ ಕಟ್ಟೆ ಒಡೀತು. ನೀರು, ಕಲ್ಲು, ಕೆಸರು ಎಲ್ಲ ಸೇರಿ ಕಣಿವೆಯಲ್ಲಿ ಇಳಿದು ದಾರೀಲಿದ್ದ ಇನ್ನೊಂದು ಕೆರೇನೂ ಎತ್ಕೊಂಡು ಊರಿನ ಮೂರನೇ ಒಂದು ಭಾಗವನ್ನ ನೆಲಸಮ ಮಾಡ್ತು. ಸತ್ತವರು ಕಡಿಮೆ ಅಂದ್ರೂ 1,800 ಅಂತ ಒಂದು ಲೆಕ್ಕ, 5,000 ಅಂತ ಇನ್ನೊಂದು. ಅದಾದ ಮೇಲೆ ಕೆರೆ ಹೆಚ್ಚುಕಮ್ಮಿ ಖಾಲಿ, 1970ರ ದಶಕದಲ್ಲಿ ಅಳತೆ ಮಾಡಿದಾಗ ಅರ್ಧ ಮಿಲಿಯನ್ ಘನ ಮೀಟರ್ ನೀರಿತ್ತು ಅಷ್ಟೆ. 2009ರ ಹೊತ್ತಿಗೆ 17 ಮಿಲಿಯನ್ ಘನ ಮೀಟರ್ ಆಗಿತ್ತು, ಮೂವತ್ತು ಪಟ್ಟಿಗಿಂತ ಜಾಸ್ತಿ. ಮೇಲೆ ಪಾಲ್ಕರಾಜು, ಪುಕರಾನ್ರ ಅನ್ನೋ ಶಿಖರಗಳ ಕಡಿದಾದ ಗೋಡೆ ಇದೆ, ಅಲ್ಲಿಂದ ದೊಡ್ಡ ಹಿಮದ ಗಡ್ಡೆನೋ ಬಂಡೆನೋ ಕಳಚಿ ಬಿದ್ರೆ ಕೆರೆಯಲ್ಲಿ ಅಲೆ ಎದ್ದು ಕಟ್ಟೆ ದಾಟುತ್ತೆ, ಕೆಳಗಿರೋ ಸುಮಾರು 50,000 ಜನ ಆ ನೀರಿನ ದಾರೀಲಿದಾರೆ. ಲ್ಯೂಯಾನ ಮನೆನೂ ಅದೇ ದಾರೀಲಿ.

ಪೆರು ಸರ್ಕಾರ ಸುಮ್ನೆ ಕೂತಿತ್ತು ಅಂತಲ್ಲ. ಎಪ್ಪತ್ತರ ದಶಕದಲ್ಲೇ ಕಟ್ಟೆಗೆ ಭದ್ರತೆ ಮಾಡಿ ನೀರು ಹೊರಗೆ ಹೋಗೋಕೆ ದಾರಿ ಮಾಡಿದ್ರು, 2011ರಿಂದ ದಪ್ಪ ಪ್ಲಾಸ್ಟಿಕ್ ಪೈಪ್ ಹಾಕಿ ಸೈಫನ್ ಮಾಡಿ ನೀರಿನ ಮಟ್ಟ ಇಳಿಸ್ತಾ ಇದಾರೆ. ಆದ್ರೆ ಅದು ಟೆಂಪರರಿ ವ್ಯವಸ್ಥೆ. ಶಾಶ್ವತ ಕೆಲಸ ಮಾಡ್ಬೇಕು ಅಂದ್ರೆ ಕೋಟಿಗಟ್ಲೆ ಖರ್ಚು, ಆ ಖರ್ಚಲ್ಲಿ 0.47 ಪರ್ಸೆಂಟ್ ಆರ್‌ಡಬ್ಲ್ಯೂಇ ಕೊಡ್ಲಿ ಅನ್ನೋದು ಲ್ಯೂಯಾನ ಕೇಳಿಕೆ. ಲೆಕ್ಕ ಹಾಕಿದ್ರೆ ಸುಮಾರು 17,000 ಯೂರೋ, 2015ರ ರೇಟಲ್ಲಿ ಹನ್ನೆರಡು ಲಕ್ಷ ರೂಪಾಯಿ ಆಸುಪಾಸು. ಅಷ್ಟೇ. ಬೆಂಗಳೂರಲ್ಲಿ ಒಂದು ಒಳ್ಳೆ ಕಾರಿಗೆ ಸಾಲಲ್ಲ ಈ ದುಡ್ಡು.

ಈ 0.47 ಎಲ್ಲಿಂದ ಬಂತು ಅನ್ನೋದೇ ಈ ಕೇಸಿನ ಜೀವ. ಅಮೆರಿಕದ ರಿಚರ್ಡ್ ಹೀಡ್ ಅನ್ನೋ ಸಂಶೋಧಕ ವರ್ಷಗಟ್ಲೆ ಕೂತು ಕಂಪನಿಗಳ ಹಳೇ ದಾಖಲೆ, ವಾರ್ಷಿಕ ವರದಿ ಎಲ್ಲ ಕೆದಕಿ, ಯಾವ ಕಂಪನಿ ಯಾವ ವರ್ಷ ಎಷ್ಟು ಕಲ್ಲಿದ್ದಲು, ಎಣ್ಣೆ, ಗ್ಯಾಸ್ ನೆಲದಿಂದ ತೆಗೀತು, ಎಷ್ಟು ಸಿಮೆಂಟ್ ಮಾಡ್ತು ಅಂತ ಕೂಡಿಸ್ತಾ ಹೋದ. 1751ರಿಂದ 2010ರವರೆಗಿನ ಲೆಕ್ಕ ಅದು, ಕ್ಲೈಮ್ಯಾಟಿಕ್ ಚೇಂಜ್ ಅನ್ನೋ ಜರ್ನಲ್ಲಲ್ಲಿ ಬಂತು. ಪ್ರಪಂಚದ ಕೈಗಾರಿಕೆಗಳಿಂದ ಅಲ್ಲಿವರೆಗೂ ಹೊರಬಂದ ಕಾರ್ಬನ್ ಡೈಆಕ್ಸೈಡ್ ಮತ್ತೆ ಮೀಥೇನಲ್ಲಿ 63 ಪರ್ಸೆಂಟ್ ಬರೀ 90 ಸಂಸ್ಥೆಗಳದ್ದು ಅಂತ ಗೊತ್ತಾಯ್ತು. ಅದ್ರಲ್ಲಿ 50 ಶೇರುದಾರರ ಕಂಪನಿಗಳು, 31 ಸರ್ಕಾರಿ ಒಡೆತನದ ಕಂಪನಿಗಳು, ಮಿಕ್ಕ 9 ಸೋವಿಯತ್ ಒಕ್ಕೂಟದ ಥರ ಸರ್ಕಾರಗಳೇ. ಶೆವ್ರಾನ್, ಎಕ್ಸಾನ್ ಮೊಬಿಲ್, ಸೌದಿ ಅರಾಮ್ಕೊ ಇವು ತಲಾ ಮೂರು ಪರ್ಸೆಂಟ್ ಮೇಲೆ. ಇನ್ನೊಂದು ವಿಷಯ, ಇನ್ನೂರ ಐವತ್ತು ವರ್ಷದ ಲೆಕ್ಕ ಅಂದ್ರೂ ಅದ್ರಲ್ಲಿ ಅರ್ಧದಷ್ಟು ಹೊಗೆ ಬಂದಿದ್ದು 1980ರ ದಶಕದ ಮಧ್ಯದಿಂದೀಚೆಗೆ, ಅಂದ್ರೆ ಅಜ್ಜ ಮುತ್ತಜ್ಜಂದಿರು ಗೊತ್ತಿಲ್ದೆ ಮಾಡಿದ್ರು ಪಾಪ ಅನ್ನೋ ಹಾಗೂ ಇಲ್ಲ.

ಆರ್‌ಡಬ್ಲ್ಯೂಇ ಆ ಪಟ್ಟಿಯಲ್ಲಿ 0.47ಕ್ಕೆ ಬಂತು. ಅದು ಬರೀ ಕರೆಂಟ್ ಮಾರೋ ಕಂಪನಿ ಅಲ್ಲ, ಕಲೋನ್ ಹತ್ರ ಗಾರ್ಟ್ಸ್‌ವೈಲರ್, ಹಂಬಾಖ್ ಅನ್ನೋ ಕಡೆ ಊರಿಗೂರನ್ನೇ ಎಬ್ಬಿಸಿ ನೆಲ ಬಗೆದು ಲಿಗ್ನೈಟ್ ತೆಗೆದು, ಪಕ್ಕದಲ್ಲೇ ಇರೋ ನಾಯ್ರಾತ್, ನೀಡರ್‌ಔಸೆಮ್ ಪ್ಲಾಂಟುಗಳಲ್ಲಿ ಉರಿಸೋ ಕಂಪನಿ. ಲಿಗ್ನೈಟ್ ಅಂದ್ರೆ ನೈವೇಲಿಯಲ್ಲಿ ಸಿಗುತ್ತಲ್ಲ ಆ ಕಂದು ಕಲ್ಲಿದ್ದಲು, ಒಂದು ಯೂನಿಟ್ ಕರೆಂಟಿಗೆ ಮಾಮೂಲಿ ಕಲ್ಲಿದ್ದಲು, ಗ್ಯಾಸಿಗಿಂತ ಜಾಸ್ತಿ ಹೊಗೆ ಬಿಡೋ ಜಾತಿ.

ಈ ಲೆಕ್ಕದ ಬಗ್ಗೆ ತಕರಾರು ಇಲ್ವಾ ಅಂದ್ರೆ ಇದೆ, ಸುಳ್ಳಲ್ಲದ ತಕರಾರೇ. ಲಿಗ್ನೈಟ್ ತೆಗೆದವನು ಆರ್‌ಡಬ್ಲ್ಯೂಇ ಸರಿ, ಆದ್ರೆ ಆ ಕರೆಂಟಲ್ಲಿ ಓಡಿದ್ದು ರೂರ್ ಕಣಿವೆಯ ಕಾರ್ಖಾನೆಗಳು, ಅಲ್ಲಾದ ಉಕ್ಕು ಇಡೀ ಪ್ರಪಂಚಕ್ಕೆ ಹೋಯ್ತು, ಮನೆಮನೆಯಲ್ಲಿ ದೀಪ ಉರೀತು, ಹಾಗಿದ್ಮೇಲೆ ಪಾಪ ಎಲ್ಲ ಕಂಪನಿ ತಲೆ ಮೇಲೆ ಹಾಕೋದು ನ್ಯಾಯನಾ? ಇನ್ನೂ ಕೆದಕಿದ್ರೆ ದೇಶ ಬೇರೆ ಕಂಪನಿ ಬೇರೆ ಅನ್ನೋ ಗೆರೆನೂ ಅಳಿಸಿಹೋಗುತ್ತೆ, ಯಾಕಂದ್ರೆ ದಶಕಗಟ್ಲೆ ಆರ್‌ಡಬ್ಲ್ಯೂಇಯ ದೊಡ್ಡ ಶೇರುದಾರರು ಯಾರು ಗೊತ್ತಾ, ಎಸೆನ್, ಡಾರ್ಟ್‌ಮುಂಡ್ ಥರದ ಊರಿನ ನಗರಸಭೆಗಳೇ, ಆ ಡಿವಿಡೆಂಡಲ್ಲೇ ಬಸ್ಸು, ಈಜುಕೊಳ ನಡೀತಿತ್ತು. ಈಗ ದೊಡ್ಡ ಶೇರುದಾರ ಕತಾರ್ ಸರ್ಕಾರದ ಹೂಡಿಕೆ ಸಂಸ್ಥೆ. ಹಾಗಾದ್ರೆ ಹೊಗೆ ಜರ್ಮನಿಯದಾ, ಕಂಪನಿಯದಾ, ನಗರಸಭೆಯದಾ, ಕರೆಂಟ್ ಉರಿಸಿದವರದಾ? ನನ್ನ ಮಟ್ಟಿಗೆ ಹೇಳೋದಾದ್ರೆ ಇದನ್ನ ಹೀಗೇ ಹಂಚ್ತಾ ಹೋದ್ರೆ ಕೊನೆಗೆ ಎಲ್ಲರ ಮೇಲೂ ಒಂದೊಂದು ಚೂರು ಬಂದು ಯಾರೂ ಕೊಡದೇ ಇರೋ ಹಾಗಾಗುತ್ತೆ, ಲಾಭ ತಗೊಂಡವನ ಹತ್ರ ಮೊದಲು ಕೇಳೋದು ತಪ್ಪಲ್ಲ.

ದೇಶಗಳ ಲೆಕ್ಕಾನೂ ಒಂದ್ಸಲ ನೋಡಿಬಿಡೋಣ. ಕೈಗಾರಿಕಾ ಕ್ರಾಂತಿಯಿಂದ ಇಲ್ಲಿವರೆಗೆ ಇಂಧನ ಸುಟ್ಟು ಬಿಟ್ಟ ಕಾರ್ಬನ್ ಡೈಆಕ್ಸೈಡಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು. ಜರ್ಮನಿ ಒಂದೇ ಐದು ಪರ್ಸೆಂಟ್ ಆಸುಪಾಸು. ಭಾರತ ಮೂರು ಪರ್ಸೆಂಟ್ ಚಿಲ್ಲರೆ, ಜರ್ಮನಿಗಿಂತ ಹದಿನೈದು ಪಟ್ಟಿಗೂ ಜಾಸ್ತಿ ಜನ ಇಟ್ಕೊಂಡು. ಈಗಿನ ವರ್ಷದ ಲೆಕ್ಕ ತಗೊಂಡ್ರೆ ಚಿತ್ರ ತಿರುಗುತ್ತೆ, ಚೀನಾ ಒಂದೇ ಮೂವತ್ತು ಪರ್ಸೆಂಟ್ ಮೇಲೆ, ಭಾರತ ಮೂರನೇ ಜಾಗ. ತಲಾ ಲೆಕ್ಕ ತಗೊಂಡ್ರೆ ಮತ್ತೆ ತಿರುಗುತ್ತೆ, ನಮ್ಮದು ವರ್ಷಕ್ಕೆ ಎರಡು ಟನ್ ಹತ್ರ, ಅಮೆರಿಕದವನದ್ದು ಹದಿನಾಲ್ಕು. ಪೆರು ಯಾವ ಲೆಕ್ಕದಲ್ಲೂ ಎದ್ದು ಕಾಣಲ್ಲ, ಆ ದೇಶದ ಕರೆಂಟಲ್ಲಿ ಅರ್ಧದಷ್ಟು ನೀರಿನಿಂದಲೇ ಬರೋದು, ಅದ್ರಲ್ಲೂ ಒಂದಷ್ಟು ಇಂಥ ಹಿಮನದಿಗಳ ಕೆಳಗಿಂದ.

1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲಿ ಜವಾಬ್ದಾರಿ ಎಲ್ಲರದ್ದು ಆದ್ರೆ ಪಾಲು ಬೇರೆಬೇರೆ ಅಂತ ಬರೆದಿದಾರೆ. ಕೇಳೋಕೆ ಚೆನ್ನಾಗಿದೆ. ಲ್ಯೂಯಾ ಕೇಸು ಹಾಕಿದ್ದು 2015ರ ನವೆಂಬರಲ್ಲಿ, ಪ್ಯಾರಿಸ್ ಹವಾಮಾನ ಸಮ್ಮೇಳನ ಶುರುವಾಗೋಕೆ ಒಂದು ವಾರ ಮುಂಚೆ. ಆ ಸಮ್ಮೇಳನದಲ್ಲಿ ಎಲ್ಲರೂ ಚಪ್ಪಾಳೆ ಹೊಡೆದು ಪ್ಯಾರಿಸ್ ಒಪ್ಪಂದ ಅಂತ ಒಪ್ಕೊಂಡ್ರಲ್ಲ, ಅದ್ರ ಜೊತೆಗಿನ ನಿರ್ಣಯದ 51ನೇ ಪ್ಯಾರಾ ಯಾರೂ ಓದಲ್ಲ. ನಷ್ಟ ಮತ್ತು ಹಾನಿ ಬಗ್ಗೆ ಇರೋ 8ನೇ ವಿಧಿಯನ್ನ ಹಿಡ್ಕೊಂಡು ಯಾರೂ ಹೊಣೆಗಾರಿಕೆ ಅಥ್ವಾ ಪರಿಹಾರ ಕೇಳೋ ಹಾಗಿಲ್ಲ ಅಂತ ಅಲ್ಲಿ ಸ್ಪಷ್ಟವಾಗಿ ಬರೆಸ್ಕೊಂಡಿದಾರೆ ಶ್ರೀಮಂತ ದೇಶಗಳು. ಆಮೇಲೆ 2022ರಲ್ಲಿ ಈಜಿಪ್ಟ್ ಸಮ್ಮೇಳನದಲ್ಲಿ ನಷ್ಟ ಪರಿಹಾರಕ್ಕೆ ಅಂತ ಫಂಡ್ ಒಪ್ಪಿದ್ರು, ಮುಂದಿನ ವರ್ಷ ದುಬೈಯಲ್ಲಿ ಹುಂಡಿ ಇಟ್ರು, ಇಡೀ ಪ್ರಪಂಚಕ್ಕೆ ಸೇರಿ ಸುಮಾರು 700 ಮಿಲಿಯನ್ ಡಾಲರ್ ಕೊಡ್ತೀವಿ ಅಂತ ಹೇಳಿದ್ರು. ಅದೂ ಕಾಣಿಕೆ ಲೆಕ್ಕ, ಹೊಣೆ ಲೆಕ್ಕ ಅಲ್ಲ. ಅಂದ್ರೆ ದೇಶ ದೇಶದ ಮಧ್ಯದ ಬಾಗಿಲು ಮುಚ್ಚಿದೆ ಅಂತಾನೇ ಅರ್ಥ, ಲ್ಯೂಯಾ ಹಿಂದಿದ್ದ ಜರ್ಮನ್‌ವಾಚ್ ಅನ್ನೋ ಪರಿಸರ ಸಂಸ್ಥೆ ಮತ್ತೆ ಹ್ಯಾಂಬರ್ಗಿನ ವಕೀಲೆ ರೋಡಾ ಫೆರ್‌ಹೈಯೆನ್ ಹೋಗಿ ತಟ್ಟಿದ್ದು ಪಕ್ಕದ ಬಾಗಿಲು, ಸಿವಿಲ್ ಕಾನೂನು.

ಜರ್ಮನ್ ಸಿವಿಲ್ ಕೋಡ್ 1900ನೇ ಇಸವಿಯಿಂದ ಜಾರಿಯಲ್ಲಿರೋದು, ಅದ್ರಲ್ಲಿ 1004ನೇ ಸೆಕ್ಷನ್. ನಿನ್ನ ಆಸ್ತಿಗೆ ಬೇರೆಯವನಿಂದ ಅಡ್ಡಿ ಆಗ್ತಿದ್ರೆ ಅದನ್ನ ತೆಗೆಸು ಅಂತ ಕೇಳ್ಬಹುದು, ಮುಂದೆ ಆಗೋ ಹಾಗಿದ್ರೆ ತಡೀ ಅಂತಾನೂ ಕೇಳ್ಬಹುದು. ಪಕ್ಕದ ತೋಟದವನ ತೆಂಗಿನ ಮರ ನಮ್ಮ ಹಂಚಿನ ಮೇಲೆ ವಾಲ್ಕೊಂಡಿದ್ರೆ ಅದು ಬಿದ್ದು ಹಂಚು ಒಡೆಯೋವರೆಗೂ ಕಾಯಬೇಕಿಲ್ಲ ತಾನೆ, ಅದೇ. ನೆರೆಮನೆ ಜಗಳಕ್ಕೆ ಅಂತ ಮಾಡಿದ ಸೆಕ್ಷನ್ ಇದು, ಅದನ್ನ ತಗೊಂಡು ಹೋಗಿ ಎಸೆನ್ ಮತ್ತೆ ವಾರಾಸ್ ಅಕ್ಕಪಕ್ಕದ ಮನೆ ಅಂತ ವಾದ ಮಾಡಿದ್ರು. ನಗು ಬರೋದು ಸಹಜ, ಮೊದಲ ಕೋರ್ಟಿಗೂ ಅದು ಸರಿ ಕಾಣ್ಲಿಲ್ಲ. 2016 ಡಿಸೆಂಬರಲ್ಲಿ ಎಸೆನ್ ಕೋರ್ಟು ಕೇಸು ವಜಾ ಮಾಡ್ತು. ಲೆಕ್ಕವಿಲ್ಲದಷ್ಟು ಜನ ಬಿಟ್ಟ ಹೊಗೆ ಗಾಳಿಯಲ್ಲಿ ಕಲೆತು ಒಂದೇ ಆಗಿದೆ, ಅದ್ರಲ್ಲಿ ಈ ಕಂಪನಿಯ ಹೊಗೆ ಯಾವುದು ಅಂತ ಬೇರೆ ಮಾಡೋಕಾಗಲ್ಲ, ಈ ಕಂಪನಿ ಇರ್ದೇ ಇದ್ರೂ ಕೆರೆ ತುಂಬ್ತಿತ್ತು, ಆದ್ರಿಂದ ಕಾರ್ಯಕಾರಣ ಸಂಬಂಧ ಇಲ್ಲ ಅಂದ್ರು.

ಈ ವಾದ ಮೇಲ್ನೋಟಕ್ಕೆ ಸರಿ ಅನ್ಸುತ್ತೆ, ಹವಾಮಾನದ ಎಲ್ಲ ಚರ್ಚೆಯಲ್ಲೂ ಇದೇ ಬಂದು ಕೂರುತ್ತೆ: ನಾನೊಬ್ಬ ನಿಲ್ಲಿಸಿದ್ರೆ ಏನಾಗುತ್ತೆ. ಆದ್ರೆ ಯೋಚನೆ ಮಾಡಿ, ಇದನ್ನ ಒಪ್ಪಿದ್ರೆ ಪಾಲುದಾರರು ಜಾಸ್ತಿ ಆದಷ್ಟೂ ತಪ್ಪು ಕರಗಿ ಹೋಗುತ್ತೆ ಅಂತಾಯ್ತು. ಲ್ಯೂಯಾ ಕೇಳಿದ್ದು ಪೂರ್ತಿ ಖರ್ಚಲ್ಲ ಅನ್ನೋದು ಇಲ್ಲೇ ಕೆಲಸಕ್ಕೆ ಬರೋದು. ಕೆರೆ ತುಂಬಿಸಿದ್ದು ನೀನೇ ಅಂತ ಅವನು ಯಾವತ್ತೂ ಹೇಳ್ಲಿಲ್ಲ, ನಿನ್ನ ಪಾಲು 0.47, ಅಷ್ಟು ಮಾತ್ರ ಕೊಡು ಅಂದ. ಪಾಲು ಚಿಕ್ಕದಿದ್ದಷ್ಟೂ ವಾದ ಗಟ್ಟಿ ಆಗ್ತಾ ಹೋಯ್ತು, ಯಾಕಂದ್ರೆ ಮಿಕ್ಕವರು ಮಾಡಿದ್ದನ್ನೂ ನನ್ನ ತಲೆಗೆ ಕಟ್ತಿದೀರ ಅನ್ನೋಕೆ ಕಂಪನಿಗೆ ದಾರಿ ಇರ್ಲಿಲ್ಲ.

ಅಪೀಲು ಹಾಮ್ ಊರಿನ ಮೇಲಿನ ಕೋರ್ಟಿಗೆ ಹೋಯ್ತು. 2017 ನವೆಂಬರಲ್ಲಿ ಆ ಕೋರ್ಟು ಕೇಸಲ್ಲಿ ಹುರುಳಿದೆ, ಸಾಕ್ಷ್ಯ ತಗೋತೀವಿ ಅಂದಾಗ ಪ್ರಪಂಚದ ವಕೀಲರೆಲ್ಲ ತಿರುಗಿ ನೋಡಿದ್ರು, ಖಾಸಗಿ ಕಂಪನಿ ಮೇಲಿನ ಇಂಥ ಕೇಸು ಅದಕ್ಕಿಂತ ಮುಂಚೆ ಅಷ್ಟು ದೂರ ಬಂದಿರ್ಲಿಲ್ಲ. ಆಮೇಲೆ ಕೋವಿಡ್ ಬಂದು ಎಲ್ಲ ಲೇಟಾಯ್ತು. ಆ ಗ್ಯಾಪಲ್ಲಿ 2021ರಲ್ಲಿ ಆಕ್ಸ್‌ಫರ್ಡ್ ಮತ್ತೆ ವಾಷಿಂಗ್ಟನ್ ಯೂನಿವರ್ಸಿಟಿಯ ವಿಜ್ಞಾನಿಗಳು ನೇಚರ್ ಜಿಯೋಸೈನ್ಸ್ ಜರ್ನಲ್ಲಲ್ಲಿ ಇದೇ ಪಾಲ್ಕಕೋಚ ಹಿಮನದಿ ಬಗ್ಗೆ ಪೇಪರ್ ಬರೆದ್ರು: ಈ ಹಿಮನದಿ ಇಷ್ಟು ಹಿಂದಕ್ಕೆ ಹೋಗಿರೋದು ಬರೀ ಪ್ರಕೃತಿಯ ಏರಿಳಿತದಿಂದ ಆಗಿರೋಕೆ ಸಾಧ್ಯ ಇಲ್ಲ, ಅದನ್ನ 99 ಪರ್ಸೆಂಟಿಗಿಂತ ಜಾಸ್ತಿ ಖಚಿತವಾಗಿ ಹೇಳ್ಬಹುದು ಅಂತ. ಹಿಮ ಕರಗಿದ್ದಕ್ಕೂ ಹೊಗೆಗೂ ಇರೋ ಕೊಂಡಿ ಹೀಗೆ ಭದ್ರ ಆಯ್ತು. 2022 ಮೇ ತಿಂಗಳಲ್ಲಿ ಜರ್ಮನಿಯ ಜಡ್ಜುಗಳು, ಕೋರ್ಟು ನೇಮಿಸಿದ ತಜ್ಞರು, ಎರಡೂ ಕಡೆ ವಕೀಲರು ಎಲ್ಲ ವಾರಾಸಿಗೆ ಬಂದು ಕೆರೆನೂ ನೋಡಿದ್ರು, ಮನೆನೂ ನೋಡಿದ್ರು. ನಮ್ಮಲ್ಲಿ ಜಮೀನು ಕೇಸಿಗೆ ಸ್ಥಳ ಪರಿಶೀಲನೆ ಮಾಡಿ ಅಂದ್ರೆ ಕಮಿಷನರ್ ಕಳಿಸೋಕೇ ವರ್ಷಗಟ್ಲೆ ಹಿಡಿಯುತ್ತೆ, ಅದು ಬೇರೆ ಮಾತು.

2025ರ ಮಾರ್ಚಲ್ಲಿ ವಿಚಾರಣೆ ನಡೀತು, ಅಲ್ಲಿ ಗಮನ ಪೂರ್ತಿ ಒಂದು ಪ್ರಶ್ನೆಗೆ ಬಂದು ನಿಲ್ತು. ಕೆರೆ ಅಪಾಯಕಾರಿನಾ ಅಂತಲ್ಲ, ಮುಂದಿನ 30 ವರ್ಷದಲ್ಲಿ ಆ ಕೆರೆ ಉಕ್ಕಿ ಲ್ಯೂಯಾನ ಆ ಒಂದು ಮನೆಗೆ ನಿಜವಾದ ಅಪಾಯ ಆಗೋ ಸಂಭವ ಎಷ್ಟು? ಕೋರ್ಟಿನ ತಜ್ಞರು ಲೆಕ್ಕ ಹಾಕಿ ಒಂದು ಪರ್ಸೆಂಟ್ ಅಂದ್ರು, ಅಕಸ್ಮಾತ್ ನೀರು ಬಂದ್ರೂ ಮನೆ ಹತ್ರ ಕೆಲವೇ ಸೆಂಟಿಮೀಟರ್ ಎತ್ತರ ಇರುತ್ತೆ, ರಭಸಾನೂ ಕಡಿಮೆ, ಗೋಡೆಗೆ ಏನೂ ಆಗಲ್ಲ ಅಂದ್ರು. ಲ್ಯೂಯಾ ಕಡೆ ತಜ್ಞರು ಇದನ್ನ ಒಪ್ಲಿಲ್ಲ. ಹಿಂದೆ ಎಷ್ಟು ಸಲ ಬಂಡೆ ಬಿದ್ದಿದೆ ಅನ್ನೋದ್ರ ಮೇಲೆ ಮುಂದಿನ ಲೆಕ್ಕ ಹಾಕಿದ್ರೆ ಹೇಗೆ, ಮೇಲಿನ ಬಂಡೆಗಳನ್ನ ಇಷ್ಟು ದಿನ ಹಿಡಿದಿಟ್ಟಿದ್ದ ಹೆಪ್ಪುಗಟ್ಟಿದ ನೆಲವೇ ಈಗ ಸಡಿಲ ಆಗ್ತಿದೆಯಲ್ಲ ಅಂತ ವಾದ ಮಾಡಿದ್ರು. ನನಗೆ ಇವರ ಮಾತೇ ಸರಿ ಅನ್ಸೋದು, ಹವಾಮಾನ ಬದಲಾಗಿದೆ ಅನ್ನೋ ಕೇಸಲ್ಲೇ ಹವಾಮಾನ ಬದಲಾಗಿಲ್ಲ ಅನ್ನೋ ಹಾಗೆ ಅಪಾಯ ಅಳೆದ್ರೆ ಏನರ್ಥ. ಕೋರ್ಟು ಒಪ್ಲಿಲ್ಲ. ವಿಚಾರಣೆಗೂ ತೀರ್ಪಿಗೂ ಮಧ್ಯೆ, ಏಪ್ರಿಲ್ ಕೊನೆಯಲ್ಲಿ, ಅದೇ ವಾರಾಸ್ ಮೇಲಿರೋ ವಯುನರಾಜು ಪರ್ವತದ ಕಡೆ ಬಂಡೆ ಕುಸಿದು ಕೆರೆ ಉಕ್ಕಿ ಕೆಸರು ಊರಿಗೆ ನುಗ್ಗಿತು, ಪ್ರಾಣನೂ ಹೋಯ್ತು. ಬೇರೆ ಕೆರೆ, ಹಾಗಾಗಿ ಕೇಸಿಗೆ ಸಂಬಂಧ ಇಲ್ಲ.

2025 ಮೇ 28ಕ್ಕೆ ತೀರ್ಪು. ಮನೆಗೆ ಅಪಾಯ ಸಾಕಷ್ಟಿಲ್ಲ, ಅಪೀಲು ವಜಾ, ಮುಂದಿನ ಕೋರ್ಟಿಗೆ ಹೋಗೋಕೆ ಅನುಮತಿನೂ ಇಲ್ಲ. ಮುಗೀತು.

ಆದ್ರೆ ಜಡ್ಜುಗಳು ಅಷ್ಟಕ್ಕೇ ನಿಲ್ಲಿಸ್ಲಿಲ್ಲ, ಮೊದಲು ಕಾನೂನಿನ ಪ್ರಶ್ನೆ ಒಂದೊಂದಾಗಿ ಬಿಡಿಸಿದ್ರು, ಅದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾದ್ರಲ್ಲೂ ಲ್ಯೂಯಾ ಗೆದ್ದ. ದೂರ ಇದೆ ಅನ್ನೋದು ನೆಪ ಆಗಲ್ಲ ಅಂದ್ರು. ನಮ್ಮ ಪ್ಲಾಂಟಿಗೆ ಸರ್ಕಾರದ ಲೈಸೆನ್ಸ್ ಇದೆ, ಎಲ್ಲ ರೂಲ್ಸ್ ಪ್ರಕಾರ ನಡೆದಿದೆ ಅನ್ನೋದು ಕಂಪನಿಯ ದೊಡ್ಡ ವಾದ ಆಗಿತ್ತು, ಅದಕ್ಕೆ ಕೋರ್ಟು ಹೇಳಿದ್ದು, ಜರ್ಮನಿ ಲೈಸೆನ್ಸ್ ಕೊಟ್ಟಿದೆ ಅಂದ ಮಾತ್ರಕ್ಕೆ ಪೆರುವಲ್ಲಿರೋನು ತನ್ನ ಆಸ್ತಿ ಹಾಳಾಗೋದನ್ನ ಸಹಿಸ್ಕೋಬೇಕು ಅಂತಿಲ್ಲ ಅಂತ. ಹೊಗೆಯಿಂದ ಭೂಮಿ ಬಿಸಿ ಆಗುತ್ತೆ ಅಂತ ಇಂಥ ಕಂಪನಿಗೆ 1960ರ ದಶಕದ ಮಧ್ಯದಿಂದಲೇ ಗೊತ್ತಾಗಬೇಕಿತ್ತು ಅಂತಾನೂ ಹೇಳಿದ್ರು. ಇದು ಒಪ್ಪಿದ್ರೆ ನಾಳೆ ಕಾರು ಓಡಿಸೋ ಪ್ರತಿಯೊಬ್ಬನ ಮೇಲೂ ಕೇಸು ಬೀಳುತ್ತೆ ಅಂತ ಹೆದರಿಸಿದ್ದಕ್ಕೆ, ಒಬ್ಬ ಮನುಷ್ಯನ ಪಾಲು ಲೆಕ್ಕಕ್ಕೇ ಬರಲ್ಲ, ಪ್ರಪಂಚದ ಒಟ್ಟು ಹೊಗೆಯಲ್ಲಿ 0.4 ಪರ್ಸೆಂಟ್ ಹತ್ರ ಇರೋ ಕಂಪನಿದು ಬರುತ್ತೆ ಅಂತ ಉತ್ತರ. ಅಪಾಯ ನಿಜ ಅಂತ ಸಾಬೀತಾದ್ರೆ ತಡೆಯೋ ಕೆಲಸ ಮಾಡಿ ಅಂತ ಕಂಪನಿಗೆ ಹೇಳ್ಬಹುದು, ಮಾಡಲ್ಲ ಅಂತ ಖಡಾಖಂಡಿತ ಅಂದ್ರೆ ಹೊಗೆಯ ಪಾಲಿಗೆ ತಕ್ಕಷ್ಟು ಖರ್ಚು ಕಟ್ಟಿಸ್ಬಹುದು, ಅದೂ ಖರ್ಚು ಆಗೋಕೆ ಮುಂಚೆನೇ.

ಆರ್‌ಡಬ್ಲ್ಯೂಇ ತೀರ್ಪು ಬಂದ ತಕ್ಷಣ ನಾವು ಗೆದ್ವಿ, ಪೂರ್ವನಿದರ್ಶನ ಮಾಡೋ ಪ್ರಯತ್ನ ವಿಫಲ ಆಯ್ತು, ಜರ್ಮನ್ ಕಾನೂನಲ್ಲಿ ಇಂಥ ಹೊಣೆಗಾರಿಕೆಗೆ ಜಾಗನೇ ಇಲ್ಲ ಅನ್ನೋ ರೀತಿ ಹೇಳಿಕೆ ಕೊಡ್ತು. 17,000 ಯೂರೋಗೆ ಹತ್ತು ವರ್ಷ ಹೋರಾಡಿದ ಕಂಪನಿ ಅದು, ಅದ್ರ ನೂರು ಪಟ್ಟಾದ್ರೂ ವಕೀಲರಿಗೇ ಕೊಡೋ ತಾಕತ್ತಿರೋ ಕಂಪನಿ, ಹಾಗಿದ್ದೂ ಕೊಟ್ಟು ಕೈತೊಳ್ಕೊಳ್ಳಿಲ್ಲ ಅಂದ್ರೆ ಹೆದರಿದ್ದು ದುಡ್ಡಿಗಲ್ಲ. ಇಲ್ಲೊಂದು ಲೆಕ್ಕ ಹೇಳ್ಲೇಬೇಕು. ಲಿಗ್ನೈಟ್ ಬೇಗ ನಿಲ್ಲಿಸಿದ್ರೆ ಆಗೋ ನಷ್ಟಕ್ಕೆ ಅಂತ ಜರ್ಮನ್ ಸರ್ಕಾರ ಇದೇ ಆರ್‌ಡಬ್ಲ್ಯೂಇಗೆ 260 ಕೋಟಿ ಯೂರೋ ಪರಿಹಾರ ಕೊಡೋಕೆ ಒಪ್ಪಿದೆ, 2023 ಡಿಸೆಂಬರಲ್ಲಿ ಯುರೋಪಿಯನ್ ಕಮಿಷನ್ ಅದಕ್ಕೆ ಒಪ್ಪಿಗೆ ಕೊಡ್ತು. ನಮ್ಮ ದುಡ್ಡಲ್ಲಿ 23,000 ಕೋಟಿ ರೂಪಾಯಿ ಮೇಲೆ. ಹೊಗೆ ಬಿಡೋದು ನಿಲ್ಲಿಸೋಕೆ ಬಿಟ್ಟವನಿಗೆ ಪರಿಹಾರ ಇದೆ, ಹೊಗೆಯಿಂದ ತುಂಬಿದ ಕೆರೆಯ ಕೆಳಗಿರೋನಿಗೆ ಹನ್ನೆರಡು ಲಕ್ಷಕ್ಕೂ ಕಾನೂನಲ್ಲಿ ಜಾಗ ಇಲ್ಲ ಅಂತ ವಾದ.

ಈ ದಾರಿಯ ಮಿತಿನೂ ಹೇಳ್ಬೇಕು, ಇಲ್ಲಾಂದ್ರೆ ಬರೀ ಭಜನೆ ಆಗುತ್ತೆ. 0.47 ಒಬ್ಬ ಕೊಟ್ಟ ಅಂತಾನೇ ಇಟ್ಕೊಳ್ಳಿ, ಮಿಕ್ಕ 99.53 ಯಾರು ಕೊಡ್ತಾರೆ? ಹೀಡ್ ಪಟ್ಟಿಯ ದೊಡ್ಡ ಕುಳಗಳಲ್ಲಿ ಅರಾಮ್ಕೊ, ಗ್ಯಾಜ್‌ಪ್ರಾಮ್ ಥರದ ಸರ್ಕಾರಿ ಕಂಪನಿಗಳಿದಾವೆ, ರಿಯಾದಲ್ಲೋ ಮಾಸ್ಕೋದಲ್ಲೋ ಪೆರುವಿನ ರೈತ ಹೋಗಿ ಕೇಸು ಹಾಕಿ ಗೆಲ್ತಾನಾ? ಕೋರ್ಟು ಸ್ವತಂತ್ರವಾಗಿರೋ ದೇಶದ ಕಂಪನಿಗಳು ಮಾತ್ರ ಸಿಕ್ಕಿ ಬೀಳ್ತವೆ. ಕೇಸು ನಡೆಸೋ ಖರ್ಚು ಒಬ್ಬ ರೈತನಿಂದ ಆಗೋದಲ್ಲ, ಹಿಂದೆ ಟ್ರಸ್ಟ್ ಇದ್ದಿದ್ದಕ್ಕೆ ಆಯ್ತು. ಇಷ್ಟೆಲ್ಲ ಆಗಿ ಮನೆ ನದಿಗೆ ಇನ್ನೂ ಹತ್ರ ಇದ್ದಿದ್ರೆ ತೀರ್ಪೇ ಬೇರೆ ಆಗ್ತಿತ್ತೇನೋ, ಇಡೀ ಭೂಮಿಯ ಪ್ರಶ್ನೆ ಒಂದು ಸೈಟಿನ ಅಳತೆ ಮೇಲೆ ನಿಂತ್ಬಿಡ್ತು.

ನಾವು ಓದೋವಾಗ ಇನ್ನೊಂದು ನೆನಪಿಡಬೇಕು. ಅದೇ ಪಟ್ಟಿಯಲ್ಲಿ ಕೋಲ್ ಇಂಡಿಯಾನೂ ಇದೆ, ಪಾಲು ಒಂದು ಪರ್ಸೆಂಟ್ ಆಸುಪಾಸು, ಅಂದ್ರೆ ಆರ್‌ಡಬ್ಲ್ಯೂಇಗಿಂತ ಎರಡು ಪಟ್ಟು. ಜರ್ಮನಿ ಕಂಪನಿನ ಹಿಡಿದಾಗ ಚಪ್ಪಾಳೆ ಹೊಡೆದು, ನಮ್ಮದು ಬಂದಾಗ ಬಡ ದೇಶ ಸ್ವಾಮಿ ಅಂದ್ರೆ ನಡೆಯುತ್ತಾ? ಒಂದು ಮಟ್ಟಿಗೆ ನಡೆಯುತ್ತೆ, ಯಾಕಂದ್ರೆ ಆ ಕಲ್ಲಿದ್ದಲಿಂದ ಕರೆಂಟ್ ಹೋದ ಮನೆಗಳಲ್ಲಿ ಬಹಳಷ್ಟು ಕಡೆ ಅದೇ ಮೊದಲ ಬಲ್ಬು. ಆದ್ರೆ 2023 ಅಕ್ಟೋಬರ್ 3-4ರ ರಾತ್ರಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಹಿಮಕೆರೆ ಒಡೆದು ಚುಂಗ್‌ಥಾಂಗಲ್ಲಿ 1,200 ಮೆಗಾವ್ಯಾಟಿನ ತೀಸ್ತಾ-3 ಅಣೆಕಟ್ಟು ಕೊಚ್ಕೊಂಡು ಹೋಯ್ತಲ್ಲ, ಆ ಕಣಿವೆಯವನು ಲ್ಯೂಯಾನ ಥರ ಲೆಕ್ಕ ಹಿಡ್ಕೊಂಡು ಬಂದ್ರೆ ಅವನ ಬಿಲ್ಲಲ್ಲಿ ಒಂದು ಸಾಲು ಕೋಲ್ ಇಂಡಿಯಾದ್ದೂ ಇರುತ್ತೆ.

ಸಿಮೆಂಟಿಗೆ ಬಂದ್ರೆ ಗೋಜಲು ನಮ್ಮ ಕಲಬುರಗಿಯವರೆಗೂ ಬರುತ್ತೆ. ಸಿಮೆಂಟಲ್ಲಿ ಬರೀ ಕಲ್ಲಿದ್ದಲು ಸುಡೋ ಹೊಗೆ ಅಲ್ಲ, ಸುಣ್ಣದಕಲ್ಲು ಕಾಸಿದಾಗ ಕಲ್ಲಿನ ಒಳಗಿಂದಾನೇ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಅರ್ಧಕ್ಕಿಂತ ಜಾಸ್ತಿ ಅದೇ, ಹಾಗಾಗಿ ಸೋಲಾರ್ ಹಾಕಿದ್ರೂ ಪೂರ್ತಿ ಹೋಗಲ್ಲ. ಚಿತ್ತಾಪುರ ತಾಲ್ಲೂಕಿನ ವಾಡಿಯಲ್ಲಿರೋ ಎಸಿಸಿ ಕಾರ್ಖಾನೆ ಗೊತ್ತಲ್ಲ, ಎಸಿಸಿ ಕಂಪನಿ ವರ್ಷಗಟ್ಲೆ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಕೈಲಿತ್ತು, 2022ರಲ್ಲಿ ಅದಾನಿಗೆ ಮಾರಿದ್ರು. ವಾಡಿಯಲ್ಲಿ ಎದ್ದ ಹೊಗೆ ದೇಶಗಳ ಲೆಕ್ಕದಲ್ಲಿ ಭಾರತದ ಖಾತೆಗೆ ಹೋಗುತ್ತೆ, ಲಾಭದಲ್ಲಿ ಒಂದು ಪಾಲು ಹೋಗಿದ್ದು ಸ್ವಿಟ್ಜರ್ಲೆಂಡಿಗೆ. ಸ್ವಿಸ್ ದೇಶದ ಅಂಕಿ ನೋಡಿದ್ರೆ ಬೆಟ್ಟ, ಹಸಿರು, ಚಾಕಲೇಟು, ಹೊಗೆನೇ ಇಲ್ಲ. ಯಾವ ದೇಶ ಹೊಣೆ ಅಂತ ಮಾತ್ರ ಕೇಳ್ತಾ ಕೂತ್ರೆ ಇಂಥದ್ದೆಲ್ಲ ಜಾರಿಕೊಳ್ಳುತ್ತೆ, ಕಂಪನಿ ಹೆಸರು ಹಿಡಿದ್ರೆ ಮಾತ್ರ ಸಿಗೋದು.

ಆ ಹೋಲ್ಸಿಮ್ ಮೇಲೂ ಈಗ ಕೇಸಿದೆ. ಇಂಡೋನೇಷ್ಯಾದ ಪುಲಾವ್ ಪರಿ ಅನ್ನೋ ಪುಟ್ಟ ದ್ವೀಪಕ್ಕೆ ಸಮುದ್ರ ನುಗ್ತಿದೆ, ಅಲ್ಲಿನ ನಾಲ್ಕು ಜನ 2023ರಲ್ಲಿ ಸ್ವಿಟ್ಜರ್ಲೆಂಡಿನ ಜುಗ್ ಕೋರ್ಟಿಗೆ ಹೋಗಿ 0.42 ಪರ್ಸೆಂಟ್ ಕೊಡಿ ಅಂತ ಕೇಳಿದಾರೆ. ಅದೇ ಲೆಕ್ಕ, ಅದೇ ದಾರಿ. ಹಾಮ್ ತೀರ್ಪು ಬಂದು ಎರಡು ತಿಂಗಳೊಳಗೆ, 2025 ಜುಲೈ 23ಕ್ಕೆ, ಅಂತರರಾಷ್ಟ್ರೀಯ ನ್ಯಾಯಾಲಯನೂ ವನುವಾಟು ದೇಶ ಹಚ್ಚಿದ ಪ್ರಶ್ನೆಗೆ ಉತ್ತರ ಕೊಟ್ಟು, ತನ್ನ ಕಂಪನಿಗಳ ಹೊಗೆಗೆ ಕಡಿವಾಣ ಹಾಕದೇ ಇರೋದು, ಕಲ್ಲಿದ್ದಲು ಎಣ್ಣೆಗೆ ಲೈಸೆನ್ಸು ಸಬ್ಸಿಡಿ ಕೊಡ್ತಾ ಹೋಗೋದು ದೇಶದ ತಪ್ಪು ಆಗ್ಬಹುದು ಅಂತು. ಅದು ಸಲಹೆ ಅಷ್ಟೆ, ಕಡ್ಡಾಯ ಅಲ್ಲ, ಆದ್ರೂ ದೇಶ ಬೇರೆ ಕಂಪನಿ ಬೇರೆ ಅಂತ ಇಬ್ರೂ ಒಬ್ಬರನ್ನೊಬ್ಬರು ತೋರಿಸೋ ಆಟಕ್ಕೆ ಅಡ್ಡಗಾಲು.

2025ರ ಅಕ್ಟೋಬರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ರೈತರು ಆರ್‌ಡಬ್ಲ್ಯೂಇಗೆ, ಜರ್ಮನಿಯದ್ದೇ ಇನ್ನೊಂದು ಸಿಮೆಂಟ್ ಕಂಪನಿ ಹೈಡೆಲ್‌ಬರ್ಗ್ ಮಟೀರಿಯಲ್ಸ್‌ನವರಿಗೆ ಲೀಗಲ್ ನೋಟಿಸ್ ಕಳಿಸಿದ್ರು. 2022ರ ಪ್ರವಾಹದಲ್ಲಿ ಅವರ ಭತ್ತ, ಗೋಧಿ ಎಲ್ಲ ಹೋಗಿತ್ತು. ಮುಂದೆ ಅಪಾಯ ಆಗೋ ಸಂಭವ ಎಷ್ಟು ಪರ್ಸೆಂಟ್ ಅಂತ ಅವರನ್ನ ಯಾರೂ ಕೇಳೋ ಹಾಗಿಲ್ಲ, ನೀರು ಆಗಲೇ ಬಂದು ಹೋಗಿದೆ, ಲ್ಯೂಯಾ ಎಡವಿದ ಕಲ್ಲು ಅವರ ದಾರೀಲಿಲ್ಲ. ಅವರು ಸಾಬೀತು ಮಾಡ್ಬೇಕಾಗಿರೋದು ಆ ಮಳೆಯಲ್ಲಿ ಹೊಗೆಯ ಪಾಲೆಷ್ಟು, ಹೊಗೆಯಲ್ಲಿ ಈ ಎರಡು ಕಂಪನಿಯ ಪಾಲೆಷ್ಟು ಅನ್ನೋದನ್ನ, ಮತ್ತೆ ಹಾಮ್ ಜಡ್ಜುಗಳು ಹೇಳಿದ್ದನ್ನ ಬೇರೆ ಕೋರ್ಟು ಒಪ್ಪುತ್ತಾ ಅಂತ ನೋಡ್ಬೇಕು, ಯಾಕಂದ್ರೆ ಒಂದು ಮೇಲಿನ ಕೋರ್ಟಿನ ಮಾತು ಜರ್ಮನಿಯ ಇನ್ನೊಂದು ಕೋರ್ಟನ್ನ ಕಟ್ಟಿಹಾಕಲ್ಲ.